ಔಟ್‌ಲಾಸ್ಟ್: ಆಡಿ ಮುಗಿಸಿದೋರು, ಅರ್ಧಕ್ಕೆ ಬಿಟ್ಟೋರು ಕೇಳಿದ ಪ್ರಶ್ನೆಗಳು

ಹೋದ ಸಂಚಿಕೇಲಿ ಹಾರರ್ ಗೇಮ್‌ಗಳ ಬಗ್ಗೆ ಬರೀತಾ ಔಟ್‌ಲಾಸ್ಟ್ ಹೆಸರು ಒಂದ್ಸಲ ಹೇಳಿದ್ದೆ ಅಷ್ಟೇ, ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದ್ರ ಬಗ್ಗೇನೇ, ಹೊಗಳಿದೋರೂ ಇದಾರೆ ಉಗಿದೋರೂ ಇದಾರೆ. ಆಡ್ದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಕೆನಡಾದ ಮಾಂಟ್ರಿಯಲ್‌ನಲ್ಲಿರೋ ರೆಡ್ ಬ್ಯಾರೆಲ್ಸ್ ಅನ್ನೋ ಸಣ್ಣ ಸ್ಟುಡಿಯೋ 2013ರ ಸೆಪ್ಟೆಂಬರ್‌ನಲ್ಲಿ ಪಿಸಿಗೆ ಬಿಟ್ಟ ಗೇಮ್ ಇದು. ಮೈಲ್ಸ್ ಅಪ್‌ಶರ್ ಅನ್ನೋ ಪತ್ರಕರ್ತನಿಗೆ ಒಂದು ಅನಾಮಧೇಯ ಇಮೇಲ್ ಬರತ್ತೆ, ಕೊಲೊರಾಡೊದ ಬೆಟ್ಟದ ಮೇಲಿರೋ ಮೌಂಟ್ ಮ್ಯಾಸಿವ್ ಅನ್ನೋ ಮಾನಸಿಕ ಆಸ್ಪತ್ರೇಲಿ ಮರ್ಕಾಫ್ ಅನ್ನೋ ಕಂಪನಿ ಏನೋ ಘೋರ ಮಾಡ್ತಿದೆ ಅಂತ. ಅವನು ರಾತ್ರಿ ಜೀಪ್ ಹತ್ಕೊಂಡು ಒಬ್ಬನೇ ಹೋಗ್ತಾನೆ, ಕೈಯಲ್ಲಿ ಒಂದು ವಿಡಿಯೋ ಕ್ಯಾಮೆರಾ. ಎಲ್ಲಾ ಅವನ ಕಣ್ಣಿಂದಾನೇ ನೋಡ್ಬೇಕು. ಉತ್ತರಗಳಲ್ಲಿ ಕಥೆ ಅಲ್ಲಲ್ಲಿ ಬಯಲಾಗತ್ತೆ, ಇನ್ನೂ ಆಡ್ಬೇಕು ಅಂತಿರೋರು ಆಡಿ ಬಂದು ಓದಿ.

ದಾವಣಗೆರೆಯಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ: ಸಾರ್, ಇಡೀ ಗೇಮಲ್ಲಿ ಒಂದು ಆಯುಧ ಇಲ್ಲ. ಸುತ್ತಾ ಕುರ್ಚಿ, ಪೈಪು ಏನೇನೋ ಬಿದ್ದಿರತ್ತೆ, ಒಂದನ್ನೂ ಎತ್ಕೊಳ್ಳೋಕೆ ಬಿಡಲ್ಲ. ಇದು ಲಾಜಿಕ್ ಇಲ್ದಿರೋದು ಅಲ್ವಾ?

ಲಾಜಿಕ್ ಕೇಳಿದ್ರೆ ನಿಮ್ಮ ಮಾತು ಸರಿ, ಸಾಯೋ ಪರಿಸ್ಥಿತೀಲಿ ಯಾರಾದ್ರೂ ಕೈಗೆ ಸಿಕ್ಕಿದ್ದು ಎತ್ಕೊಂಡು ಬೀಸ್ತಾರೆ. ಆದ್ರೆ ನಿಮ್ಮ ಕೈಗೆ ಒಂದು ರಾಡ್ ಕೊಟ್ಟ ತಕ್ಷಣ ಏನಾಗತ್ತೆ ಯೋಚ್ನೆ ಮಾಡಿ, ಕತ್ತಲಲ್ಲಿ ಹೆಜ್ಜೆ ಸದ್ದು ಕೇಳಿದ್ರೆ 'ಬರ್ಲಿ, ಎರಡು ಬಿಡ್ತೀನಿ' ಅಂತ ನಿಂತ್ಕೋತೀರಿ, ಈಗ ಹಾಗಲ್ಲ, ಯಾವ ಮಂಚದ ಕೆಳಗೆ ನುಗ್ಲಿ, ಯಾವ ಲಾಕರ್ ಒಳಗೆ ಸೇರ್ಕೊಳ್ಲಿ ಅಂತ ಮಾತ್ರ ತಲೇಲಿ ಓಡ್ತಿರತ್ತೆ. ಇದನ್ನ ಇವರೇ ಮೊದಲು ಮಾಡಿದ್ದೂ ಅಲ್ಲ, 2010ರಲ್ಲಿ ಸ್ವೀಡನ್‌ನ ಫ್ರಿಕ್ಷನಲ್ ಗೇಮ್ಸ್‌ನೋರು ಬಿಟ್ಟ ಆಮ್ನೀಷಿಯಾ ಅನ್ನೋ ಗೇಮಲ್ಲೂ ಆಯುಧ ಇರಲಿಲ್ಲ. ಅಲ್ಲಿ ಕೈಗೆ ಲಾಟೀನು ಕೊಟ್ಟಿದ್ರು, ಇಲ್ಲಿ ಕ್ಯಾಮೆರಾ.

ನನ್ನ ಪ್ರಕಾರ ಆ ಕ್ಯಾಮೆರಾನೇ ಈ ಗೇಮಿನ ಜೀವ. ಕತ್ತಲಲ್ಲಿ ಬೇರೇನೂ ಕಾಣಲ್ಲ, ನೈಟ್ ವಿಷನ್ ಹಾಕಿದ್ರೆ ಎಲ್ಲಾ ಹಸಿರು ಹಸಿರು, ಆದ್ರೆ ಅದು ಬ್ಯಾಟರಿ ತಿನ್ನತ್ತೆ, ಹಾಗಾಗಿ ನೋಡೋದಕ್ಕೂ ಲೆಕ್ಕ ಹಾಕ್ಬೇಕು. ಶುರುವಿನಲ್ಲೇ ಬೇಸ್‌ಮೆಂಟ್‌ಗೆ ಇಳಿದು ಜನರೇಟರ್ ಆನ್ ಮಾಡೋ ಜಾಗ ಬರತ್ತಲ್ಲ, ನಾನು ಅಲ್ಲಿ ಬ್ಯಾಟರಿ ಉಳಿಸೋಣ ಅಂತ ನೈಟ್ ವಿಷನ್ ಆಫ್ ಮಾಡ್ಕೊಂಡು ಒಂದು ಮೂಲೇಲಿ ಕೂತಿದ್ದೆ, ನನ್ನನ್ನ ಹುಡುಕ್ತಿದ್ದ ಒಬ್ಬ ರೋಗಿ ನೀರಲ್ಲಿ ಚಪ್ ಚಪ್ ಅಂತ ನಡೀತಾ ಹತ್ರ ಬರೋದು ಮಾತ್ರ ಕೇಳ್ತಿತ್ತು, ಎಷ್ಟು ಹತ್ರ ಅಂತ ಗೊತ್ತಾಗ್ಬೇಕಂದ್ರೆ ಮತ್ತೆ ಆನ್ ಮಾಡ್ಬೇಕು, ಆನ್ ಮಾಡಿದ್ರೆ ಅವನ ಮುಖ ನೋಡ್ಬೇಕು. ರಕ್ತ, ತಲೆಬುರುಡೆ ಎಲ್ಲಾ ಹತ್ತು ನಿಮಿಷಕ್ಕೆ ಅಭ್ಯಾಸ ಆಗೋಗತ್ತೆ, ಇದು ಆಗಲ್ಲ. ಮುಂದೆ ಒಂದು ಕಡೆ ಕ್ಯಾಮೆರಾ ಕೈತಪ್ಪಿ ಕೆಳಗಿನ ಮಹಡಿಗೆ ಬೀಳತ್ತೆ, ಅದು ಸಿಗೋವರೆಗೂ ನಿಮ್ಮನ್ನ ಕುರುಡರ ಹಾಗೆ ಮಾಡ್ಬಿಡ್ತಾರೆ. ಸಿಕ್ಕಿದ್ಮೇಲೆ ಲೆನ್ಸಲ್ಲಿ ಬಿರುಕು, ಆ ಬಿರುಕು ಕೊನೇವರೆಗೂ ಹೋಗಲ್ಲ. ಟ್ರೇಗರ್ ಅನ್ನೋ ಕ್ರೂರಿ ಮೈಲ್ಸ್‌ನ ಬೆರಳು ಕತ್ತರಿಸಿದ್ಮೇಲೂ ಅಷ್ಟೇ, ಆಮೇಲೆ ಗೋಡೆ ಹಿಡ್ಕೊಂಡು ಬಗ್ಗಿ ನೋಡಿದಾಗೆಲ್ಲಾ ಆ ಮೊಂಡು ಬೆರಳು ಕಾಣತ್ತೆ. ಯಾವತ್ತೋ ಆದ ಗಾಯ ಜೊತೇಲೇ ಬರತ್ತೆ ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸಿರೋ ಗೇಮ್ ನಾನು ಜಾಸ್ತಿ ನೋಡಿಲ್ಲ.

ಮಂಗಳೂರಿನಿಂದ ಬಿಕಾಂ ಓದ್ತಿರೋ ಹುಡುಗಿ: ಮೊದಲ ಎರಡು ಗಂಟೆ ಕೈಕಾಲು ನಡುಗ್ತಿತ್ತು, ಆಮೇಲೆ ಸಿಕ್ಕಾಪಟ್ಟೆ ಬೋರ್. ಫ್ರೆಂಡ್ಸ್ ಎಲ್ಲಾ ಮಾಸ್ಟರ್‌ಪೀಸ್ ಅಂತಾರೆ. ನನಗೇ ಏನಾದ್ರೂ ಪ್ರಾಬ್ಲಮ್ಮಾ?

ಖಂಡಿತ ಇಲ್ಲ ಕಣಮ್ಮಾ. ಬೈದು ಬರೆದಿರೋ ಪತ್ರಗಳಲ್ಲೂ ಹೆಚ್ಚಿನೋರು ಇದನ್ನೇ ಹೇಳಿರೋದು, ಮತ್ತೆ ಅದು ನಿಜ. ಎರಡು ವಾಲ್ವ್ ತಿರುಗಿಸು, ಫ್ಯೂಸ್ ಹುಡುಕು, ಸ್ವಿಚ್ ಒತ್ತು, ಅಷ್ಟರಲ್ಲಿ ಒಬ್ಬ ಅಟ್ಟಿಸ್ಕೊಂಡು ಬರ್ತಾನೆ, ಲಾಕರ್ ಒಳಗೆ ಸೇರ್ಕೋ, ಅವನು ಹೋಗ್ತಾನೆ, ಮತ್ತೆ ಅದೇ. ಒಂದೇ ಜಾಗದಲ್ಲಿ ಮೂರು ಸಲ ಸತ್ರೆ ನಾಲ್ಕನೇ ಸಲಕ್ಕೆ ಭಯ ಇರಲ್ಲ ಸಿಟ್ಟು ಇರತ್ತೆ, ಅವನು ಯಾವ ಬಾಗಿಲಿಂದ ಬರ್ತಾನೆ ಅಂತ ಬಾಯಿಪಾಠ ಆಗಿರತ್ತೆ. 2014ರಲ್ಲಿ ಬಂದ ಏಲಿಯನ್ ಐಸೊಲೇಷನ್ ಆಡಿದೋರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗತ್ತೆ, ಅದರಲ್ಲಿ ಆ ಏಲಿಯನ್ ಎಲ್ಲಿಂದ ಬರತ್ತೆ ಅಂತ ಹೇಳೋಕಾಗಲ್ಲ, ಇದರಲ್ಲಿ ಹಳಿ ಮೇಲೆ ಓಡೋ ರೈಲಿನ ಹಾಗೆ ಬರೆದಿಟ್ಟ ದಾರೀಲೇ ಓಡಾಡ್ತಾರೆ.

ನಾರ್ಮಲ್ ಅನ್ನೋ ಸುಲಭದ ಮಟ್ಟದಲ್ಲಿ ಬ್ಯಾಟರಿ ಬೇರೆ ಧಾರಾಳವಾಗಿ ಸಿಗತ್ತೆ, ನಾನು ಹೇಳಿದ ಆ ಕ್ಯಾಮೆರಾ ಭಯ ಅರ್ಧ ಅಲ್ಲೇ ಸತ್ತೋಗತ್ತೆ, ಇದು ಮಾಡಿದೋರ ತಪ್ಪು ಅಂತಾನೇ ನಾನು ಹೇಳೋದು. ಮತ್ತೆ ಆಡೋ ಮನಸ್ಸಿದ್ರೆ ಹಾರ್ಡ್‌ನಲ್ಲಿ ಶುರು ಮಾಡಿ, ಅದ್ರಲ್ಲಿ ಬ್ಯಾಟರಿ ಕಮ್ಮಿನೇ ಇಟ್ಕೊಳ್ಳೋಕಾಗೋದು. ಇನ್‌ಸೇನ್ ಮೋಡ್ ಕಡೆ ಹೋಗ್ಬೇಡಿ, ಅದ್ರಲ್ಲಿ ಸೇವ್ ಅನ್ನೋದೇ ಇಲ್ಲ, ಸತ್ರೆ ಮೊದಲಿಂದ. ಇನ್ನೊಂದು, ಒಂದೇ ರಾತ್ರೀಲಿ ಮುಗಿಸೋಕೆ ಹೋಗ್ಬೇಡಿ. ಐದಾರು ಗಂಟೆ ಗೇಮ್ ಇದು, ದಿನಕ್ಕೆ ಒಂದು ಗಂಟೆ ಆಡಿದ್ರೆ ಮತ್ತೆ ಆ ನಡುಕ ಬರತ್ತೆ.

ಮೈಸೂರಿನಿಂದ ಒಬ್ಬರು: ನನ್ನ ಅಣ್ಣನಿಗೆ ಹನ್ನೆರಡು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಟ್ರೀಟ್‌ಮೆಂಟ್ ನಡೀತಿದೆ. ಮಗಳು ಈ ಗೇಮ್ ಆಡ್ತಾ 'ಹುಚ್ಚ ಬಂದ ಹುಚ್ಚ ಬಂದ' ಅಂತ ಕಿರುಚಿದಾಗ ಅಣ್ಣ ಪಕ್ಕದ ರೂಮಲ್ಲೇ ಇದ್ದ. ಇಂಥ ಗೇಮನ್ನ ನೀವು ಹೇಗೆ ಮೆಚ್ಕೋತೀರಿ?

ನಿಮ್ಮ ಪತ್ರ ಓದಿ ಎರಡು ದಿನ ನನಗೆ ಬೇರೇದು ಬರೆಯೋಕಾಗ್ಲಿಲ್ಲ. ನಮ್ಮ ಚಿಕ್ಕಪ್ಪನೂ ವರ್ಷಗಟ್ಟಲೆ ಮಾತ್ರೆ ತಗೊಂಡ್ರು, ಶಾಂತ ಮನುಷ್ಯ, ಸಂಜೆ ಹೊತ್ತು ಜಗುಲಿ ಮೇಲೆ ಕೂತು ನಮಗೆ ಕಡಲೆಕಾಯಿ ಬಿಡಿಸಿ ಕೊಡೋರು, ಆದ್ರೂ ಬೀದಿ ಹುಡುಗರು ಅವರನ್ನ ಕಂಡ್ರೆ ಓಡೋರು. 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅನ್ನೋದನ್ನ ನಾವು ಬೈಗುಳದ ಹಾಗೆ ಬಳಸೋ ಜನ, ಅಲ್ಲಿ ಎಷ್ಟು ಮನೆಗಳ ಜೀವ ಉಳಿದಿದೆ ಅಂತ ಯೋಚ್ನೆ ಮಾಡದೇನೇ. ಇಂಥ ಊರಲ್ಲಿ, ಮಾನಸಿಕ ಆಸ್ಪತ್ರೆ ಅಂದ್ರೆ ಕತ್ತಲು, ರೋಗಿ ಅಂದ್ರೆ ಕೊಲೆಗಾರ ಅಂತ ತೋರಿಸೋ ಗೇಮ್ ಏನೂ ಹಾನಿ ಮಾಡಲ್ಲ ಅಂತ ನಾನು ಹೇಳಿದ್ರೆ ಅದು ಸುಳ್ಳಾಗತ್ತೆ. ಮಾಡತ್ತೆ. ಗೇಮಿನ ಮೊದಲರ್ಧದಲ್ಲಿ ಅವರು ಬರೀ ಹೆದರಿಸೋ ವಸ್ತುಗಳು, ಇದು ಅದ್ರ ದೊಡ್ಡ ದೋಷ ಅಂತ ನಾನು ಒಪ್ಕೋತೀನಿ.

ಆದ್ರೂ ಒಂದು ಮಾತು ನಿಮ್ಮ ಮಗಳಿಗೆ ಹೇಳಿ ಅಂತ ಕೇಳ್ಕೋತೀನಿ. ಆ ಗೇಮಲ್ಲಿ ಅಲ್ಲಲ್ಲಿ ಫೈಲುಗಳು ಸಿಗತ್ತಲ್ಲ, ಹೆಚ್ಚಿನೋರು ಓದಲ್ಲ, ಓಡ್ತಿರ್ತಾರೆ. ಓದಿದ್ರೆ ಬೇರೆ ಕಥೆ ಕಾಣತ್ತೆ. ಅಲ್ಲಿರೋ ರೋಗಿಗಳು ಹಾಗಿದ್ದವರಲ್ಲ, ಮರ್ಕಾಫ್ ಕಂಪನಿ ಚಿಕಿತ್ಸೆ ಅಂತ ಹೇಳಿ ಅವರ ಮೇಲೆ ಪ್ರಯೋಗ ಮಾಡಿ ಹಾಗೆ ಮಾಡಿರೋದು. ನಿಮ್ಮನ್ನ ಅಟ್ಟಿಸ್ಕೊಂಡು ಬರೋ ಆ ದೈತ್ಯ ಕ್ರಿಸ್ ವಾಕರ್ ಒಬ್ಬ ಮಾಜಿ ಸೈನಿಕ. ಬೆರಳು ಕತ್ತರಿಸೋ ಟ್ರೇಗರ್ ರೋಗಿಯಾಗಿ ಬಂದವನೇ ಅಲ್ಲ, ಅದೇ ಕಂಪನಿಯ ದೊಡ್ಡ ಅಧಿಕಾರಿ ಆಗಿದ್ದವನು. ಮೂಲೇಲಿ ಸುಮ್ನೆ ಕೂತು ಏನೂ ಬರದ ಟಿವಿ ನೋಡ್ತಿರೋರು, ನಿಮ್ಮನ್ನ ಕಂಡು ಹೆದರಿ ಹಿಂದೆ ಸರಿಯೋರು ಎಷ್ಟೋ ಜನ ಇದಾರೆ, ಅವರು ನಿಮಗೆ ಏನೂ ಮಾಡಲ್ಲ.

ಇದು ಬರೀ ಕಟ್ಟುಕಥೆ ಅಂತ ಬಿಟ್ಟುಬಿಡೋ ಹಾಗೂ ಇಲ್ಲ. ಅಮೆರಿಕದ ಸಿಐಎ 1953ರಲ್ಲಿ ಎಂಕೆ ಅಲ್ಟ್ರಾ ಅಂತ ಮನಸ್ಸನ್ನ ಹಿಡಿತಕ್ಕೆ ತಗೊಳ್ಳೋ ಪ್ರಯೋಗ ಶುರು ಮಾಡ್ತು, ಗೇಮಿನ ಕಥೆಗೂ ಅದ್ರ ನಂಟಿದೆ. ಆ ದುಡ್ಡು ಹೋದ ಜಾಗಗಳಲ್ಲಿ ಒಂದು, ರೆಡ್ ಬ್ಯಾರೆಲ್ಸ್ ಇರೋ ಮಾಂಟ್ರಿಯಲ್ ನಗರದಲ್ಲೇ ಇದ್ದ ಅಲನ್ ಮೆಮೋರಿಯಲ್ ಇನ್‌ಸ್ಟಿಟ್ಯೂಟ್. 1957ರಿಂದ 1964ರವರೆಗೆ ಯೂಯನ್ ಕ್ಯಾಮರಾನ್ ಅನ್ನೋ ಹೆಸರಾಂತ ಮನೋವೈದ್ಯ ಅಲ್ಲಿ ಸಣ್ಣ ಖಿನ್ನತೆ, ಆತಂಕ ಅಂತ ಬಂದೋರನ್ನ ಔಷಧಿ ಕೊಟ್ಟು ವಾರಗಟ್ಟಲೆ ಮಲಗಿಸಿ, ಮತ್ತೆ ಮತ್ತೆ ಕರೆಂಟ್ ಶಾಕ್ ಕೊಟ್ಟು, ಟೇಪಲ್ಲಿ ಒಂದೇ ಮಾತನ್ನ ಸಾವಿರಾರು ಸಲ ಕೇಳಿಸಿದ್ರು. ಮಕ್ಕಳ ಹೆಸರನ್ನೇ ಮರೆತು ಮನೆಗೆ ಹೋದೋರು ಇದ್ರು. 1992ರಲ್ಲಿ ಕೆನಡಾ ಸರ್ಕಾರ 77 ಜನಕ್ಕೆ ತಲಾ ಒಂದು ಲಕ್ಷ ಡಾಲರ್ ಪರಿಹಾರ ಕೊಡ್ತು. ಅಲ್ಲಿ ರಾಕ್ಷಸರು ಹಾಸಿಗೆ ಮೇಲೆ ಮಲಗಿದ್ದೋರಲ್ಲ.

ನಿಮ್ಮ ಮಗಳು ದೊಡ್ಡೋಳಾಗಿದ್ರೆ ಇದನ್ನ ಕೂತು ಹೇಳಿ, ಅವಳು ಕೇಳ್ತಾಳೆ. ನಿಮ್ಮ ಅಣ್ಣನ ಹತ್ರ ಅವಳೇ ಹೋಗಿ ಎರಡು ಮಾತಾಡ್ಲಿ, ಸಾರಿ ಅಂತ ಹೇಳ್ದೇ ಇದ್ರೂ ಪರ್ವಾಗಿಲ್ಲ, ಪಕ್ಕದಲ್ಲಿ ಕೂತ್ಕೊಳ್ಲಿ ಸಾಕು.

ತುಮಕೂರಿನಿಂದ ಒಬ್ಬ ತಾಯಿ: ಮಗ ಒಂಬತ್ತನೇ ಕ್ಲಾಸು. ಯೂಟ್ಯೂಬಲ್ಲಿ ಬೇರೆಯೋರು ಇದನ್ನ ಆಡೋದು ನೋಡ್ತಾನೆ, ಈಗ ಕಂಪ್ಯೂಟರ್‌ಗೆ ಹಾಕ್ಕೊಡು ಅಂತ ಹಟ. ಆಡಿಸ್ಬೋದಾ?

ಬೇಡ ಅಕ್ಕಾ. ಇದಕ್ಕೆ ಯುರೋಪಲ್ಲಿ 18 ವರ್ಷ, ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟೋರಿಗೆ ಅಂತ ರೇಟಿಂಗ್ ಇದೆ, ಅದು ಸುಮ್ನೆ ಹಾಕಿರೋದಲ್ಲ. ಬರೀ ರಕ್ತ ಆಗಿದ್ರೆ ನಾನು ಇಷ್ಟು ಗಟ್ಟಿಯಾಗಿ ಹೇಳ್ತಿರಲಿಲ್ಲ, ಅವನು ಅದಕ್ಕಿಂತ ಜಾಸ್ತಿ ರಕ್ತ ಸಿನಿಮಾದಲ್ಲಿ ನೋಡಿರ್ತಾನೆ. ಇದ್ರಲ್ಲಿ ಹೆಣಗಳಿಗೆ ಮಾಡೋ ಅವಮಾನ ಇದೆ, ಕಟ್ಟಿಹಾಕಿ ಹಿಂಸೆ ಕೊಡೋದಿದೆ, ಲೈಂಗಿಕ ಹಿಂಸೆ ಇದೆ, ಅದೆಲ್ಲಾ ನಡೆಯೋದು ಆಡೋನ ಕಣ್ಣೆದುರಿಗೇ, ಕೆಲವು ಅವನ ಮೈಮೇಲೇ. ಯೂಟ್ಯೂಬಲ್ಲಿ ಯಾರೋ ಕಿರುಚ್ಕೊಂಡು ನಗಿಸ್ತಾ ಆಡ್ತಿರ್ತಾರೆ, ಮಗುಗೆ ಅದು ತಮಾಷೆ ಅನ್ಸತ್ತೆ. ಒಬ್ಬನೇ ಹೆಡ್‌ಫೋನ್ ಹಾಕ್ಕೊಂಡು ಕತ್ತಲಲ್ಲಿ ಕೂತಾಗ ಹಾಗಿರಲ್ಲ. ಬೈಯ್ದೇ ಹೇಳಿ, ಏನಿದೆ ಅಂತ ಬಿಡಿಸಿ ಹೇಳಿ, 'ಕೆಟ್ಟದ್ದು' ಅಂತ ಒಂದೇ ಮಾತು ಅಂದ್ರೆ ಫ್ರೆಂಡ್ ಮನೇಲಿ ಹೋಗಿ ಆಡ್ತಾನೆ. ಈಗಾಗ್ಲೇ ನೋಡಿ ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ ಕೆಲವು ದಿನ ಅವನ ರೂಮಲ್ಲೇ ನೀವೂ ಮಲಗಿ.

ಹುಬ್ಬಳ್ಳಿಯಿಂದ ಒಬ್ಬರು: ಸರ, ಹತ್ತು ನಿಮಿಷ ಆಡಿದ್ರ ಸಾಕು ತಲಿ ತಿರಗತೈತ್ರಿ, ವಾಂತಿ ಬಂದಂಗ ಆಗತೈತಿ. ಏನ್ ಮಾಡ್ಲಿ?

ಫಸ್ಟ್ ಪರ್ಸನ್, ಅಂದ್ರೆ ಪಾತ್ರದ ಕಣ್ಣಿಂದಾನೇ ನೋಡೋ ಗೇಮ್‌ಗಳಲ್ಲಿ ಬಹಳ ಜನಕ್ಕೆ ಹಿಂಗಾಗ್ತದ್ರಿ, ಕಣ್ಣು ಓಡ್ತಿದೀನಿ ಅನ್ನತ್ತೆ, ಮೈ ಕೂತಿದೀನಿ ಅನ್ನತ್ತೆ, ಎರಡಕ್ಕೂ ತಾಳೆ ಆಗಲ್ಲ. ರೂಮಿನ ಲೈಟ್ ಹಾಕ್ಕೊಳ್ರಿ, ಸ್ಕ್ರೀನಿಂದ ಸ್ವಲ್ಪ ಹಿಂದ ಕೂಡ್ರಿ, ಊಟ ಆದ ಕೂಡ್ಲೇ ಆಡಬ್ಯಾಡ್ರಿ, ತಲೆ ಭಾರ ಅನಿಸ್ತಿದ್ದಂಗ ಎದ್ದುಬಿಡ್ರಿ. ಹಠ ಹಿಡಿದು ಮುಂದುವರಿಸಿದ್ರೆ ಇನ್ನೂ ಜಾಸ್ತಿ ಆಗತ್ತೆ. ಎರಡು ವಾರ ಆದ್ರೂ ಹಂಗೇ ಅಂದ್ರ ಈ ಗೇಮ್ ಬಿಟ್ಟುಬಿಡ್ರಿ.

ಮೆಲ್ಬರ್ನ್‌ನಿಂದ ಒಬ್ಬ ಕನ್ನಡಿಗರು: ಎರಡನೇ ಭಾಗ ಇಲ್ಲಿ ಬ್ಯಾನ್ ಆಗಿತ್ತು ಅಂತಾರೆ. ಅಷ್ಟು ಕ್ರೂರವಾ? ಆಡ್ಬೋದಾ?

ಹೌದು, ಔಟ್‌ಲಾಸ್ಟ್ 2ಕ್ಕೆ 2017ರ ಮಾರ್ಚ್‌ನಲ್ಲಿ ನಿಮ್ಮಲ್ಲಿನ ಕ್ಲಾಸಿಫಿಕೇಶನ್ ಬೋರ್ಡ್ ಮೊದಲು ಒಪ್ಪಿಗೆ ಕೊಡಲಿಲ್ಲ, ಲೈಂಗಿಕ ಹಿಂಸೆ ಸೂಚಿಸೋ ದೃಶ್ಯದ ಕಾರಣಕ್ಕೆ, ಆಮೇಲೆ ಮತ್ತೆ ಸಲ್ಲಿಸಿದಾಗ 18 ಮೇಲ್ಪಟ್ಟೋರಿಗೆ ಅಂತ ಬಿಟ್ರು, ಏಪ್ರಿಲ್‌ನಲ್ಲಿ ಬಂತು. ಕಥೆ ಅರಿಜೋನಾದ ಮರುಭೂಮೀಲಿ, ಬ್ಲೇಕ್ ಅನ್ನೋ ಕ್ಯಾಮೆರಾಮನ್ ಕಳೆದುಹೋದ ಹೆಂಡತಿ ಲಿನ್‌ಳನ್ನ ಹುಡುಕ್ತಾನೆ, ಧರ್ಮಾಂಧರ ಒಂದು ಹಳ್ಳಿ. ಜೋಳದ ಹೊಲದ ಭಾಗ ನೋಡಿ, ಅದೊಂದಕ್ಕೇ ಆಡ್ಬೋದು, ಕ್ಯಾಮೆರಾಗೆ ಮೈಕ್ ಬೇರೆ ಬಂದಿದೆ, ಯಾವ ಕಡೆಯಿಂದ ಸದ್ದು ಬರ್ತಿದೆ ಅಂತ ಕೇಳಿಸ್ಕೋಬೋದು. ಆದ್ರೆ ಬಯಲಲ್ಲಿ ಎಲ್ಲಿಗೆ ಓಡ್ಬೇಕು ಅಂತಾನೇ ಗೊತ್ತಾಗ್ದೆ ಸತ್ತು ಸತ್ತು ಜನ ಬೇಜಾರಾದ್ರು, ಬಿಡುಗಡೆ ಆದ ಸ್ವಲ್ಪ ದಿನಕ್ಕೆ ಸ್ಟುಡಿಯೋದೋರೇ ಕಷ್ಟ ಕಮ್ಮಿ ಮಾಡಿ ಪ್ಯಾಚ್ ಕೊಡ್ಬೇಕಾಯ್ತು. ಗರ್ಭಿಣಿಯರು, ಮಕ್ಕಳ ಸಾವು ಇದೆ ಕಥೇಲಿ, ಮನೇಲಿ ಅಂಥ ನೋವು ಕಂಡಿದ್ರೆ ದಯವಿಟ್ಟು ಇದನ್ನ ಮುಟ್ಬೇಡಿ.

ಬೆಂಗಳೂರಿನಿಂದ ಒಬ್ಬ ಸಾಫ್ಟ್‌ವೇರ್ ಡೆವಲಪರ್: ವಿಸಲ್‌ಬ್ಲೋವರ್ ಅನ್ನೋ ಡಿಎಲ್‌ಸಿ (ಮುಖ್ಯ ಗೇಮ್‌ಗೆ ಆಮೇಲೆ ಸೇರಿಸೋ ಹೆಚ್ಚುವರಿ ಭಾಗ) ಬೇಕೇ ಬೇಕಾ? ಮೊದಲು ಯಾವುದು ಆಡ್ಲಿ?

ಬೇಕೇ ಬೇಕು, ಆದ್ರೆ ಮುಖ್ಯ ಗೇಮ್ ಆದ್ಮೇಲೆ. 2014ರ ಮೇ ತಿಂಗಳಲ್ಲಿ ಬಂದಿದ್ದು, ಎರಡು ಗಂಟೇಲಿ ಮುಗಿಯತ್ತೆ. ಮೈಲ್ಸ್‌ಗೆ ಆ ಇಮೇಲ್ ಕಳಿಸಿದ ವೇಲನ್ ಪಾರ್ಕ್ ಕಥೆ ಇದು, ಅವನೂ ನಿಮ್ಮ ಹಾಗೇ ಸಾಫ್ಟ್‌ವೇರ್ ಇಂಜಿನಿಯರ್, ಇಮೇಲ್ ಕಳಿಸಿ ಸಿಕ್ಕಿಬಿದ್ದಾಗ ಅವನ ಮೇಲಧಿಕಾರಿನೇ ಅವನನ್ನ ರೋಗಿ ಅಂತ ಒಳಗೆ ಹಾಕಿಸ್ತಾನೆ. ಅರ್ಧ ದಾರೀಲಿ ಗ್ಲಸ್ಕಿನ್ ಅನ್ನೋನು ಬರ್ತಾನೆ, ಮದುಮಗ ಅಂತಾನೇ ಅವನ ಹೆಸರು, ಎರಡೂ ಗೇಮ್ ಸೇರಿಸಿದ್ರೂ ನನಗೆ ಕುರ್ಚಿ ಬಿಟ್ಟು ಏಳ್ಬೇಕು ಅನಿಸಿದ್ದು ಅವನ ಕೋಣೇಲೇ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಮುಂದುವರಿಸಿದೆ. ಕೊನೇಲಿ ಗೇಟ್ ಹತ್ರ ಮೈಲ್ಸ್‌ನ ಜೀಪ್ ನಿಂತಿರತ್ತೆ. ಮುಖ್ಯ ಗೇಮ್ ಆಡದೇ ಹೋದ್ರೆ ಅದು ಬರೀ ಒಂದು ಜೀಪ್.