ಸಾಹುಕಾರರ ವಿಮಾನ ಹಾರಿಸೋ ಕೆಲಸ ಹೇಗಿರುತ್ತೆ?

ನಿಮ್ಮ ಪ್ರಶ್ನೆ ಓದಿದೆ. 200 ಗಂಟೆ ಹಾರಾಟ ಮುಗಿಸಿ ಸಿಪಿಎಲ್, ಅಂದ್ರೆ ಸಂಬಳಕ್ಕೆ ವಿಮಾನ ಹಾರಿಸೋ ಲೈಸೆನ್ಸ್, ಕೈಗೆ ಬಂದಿದೆ. ಏರ್‌ಲೈನ್‌ನಿಂದ ಕರೆ ಬಂದಿಲ್ಲ. ಅಷ್ಟರಲ್ಲಿ ಒಂದು ಕಂಪನಿಯವರು ತಮ್ಮ ಸ್ವಂತ ವಿಮಾನಕ್ಕೆ ಕೋ-ಪೈಲಟ್ ಆಗಿ ಬರ್ತೀರಾ ಅಂತ ಕೇಳಿದ್ದಾರೆ. "ಕಾರ್ಪೊರೇಟ್ ಪೈಲಟ್‌ಗಳ ಜೀವನ ನಿಜವಾಗಿ ಹೇಗಿರುತ್ತೆ? ಅಥಣಿಯಲ್ಲಿ ಕೇಳೋಕೆ ಯಾರೂ ಇಲ್ಲ" ಅಂತ ಬರೆದಿದ್ದೀರಿ.

ನಾನು ಬೆಳಗಾವಿಯವನು, ಮನೆ ಟಿಳಕವಾಡಿಯಲ್ಲಿ. ನಾಲ್ಕು ವರ್ಷ ಏರ್‌ಲೈನ್‌ನಲ್ಲಿ ಎಟಿಆರ್ ಅನ್ನೋ ಪ್ರೊಪೆಲರ್ ವಿಮಾನ ಹಾರಿಸಿದೆ. ಆಮೇಲಿನ 14 ವರ್ಷ ಇದೇ ಕೆಲಸ. ಈಗ ಒಬ್ಬ ಸಕ್ಕರೆ ಕಾರ್ಖಾನೆ ಸಾಹುಕಾರರ ಕಿಂಗ್ ಏರ್ ಬಿ200 ನನ್ನ ಕೈಯಲ್ಲಿದೆ. ಎರಡು ಟರ್ಬೊಪ್ರಾಪ್ ಎಂಜಿನ್, ಹಿಂದೆ ಏಳೆಂಟು ಜನ ಕೂರಬಹುದು, ಗಂಟೆಗೆ ಸುಮಾರು 500 ಕಿಲೋಮೀಟರ್ ಓಡುತ್ತೆ. ಬೆಂಗಳೂರಿಗೆ ಒಂದು ತಾಸು ಅಂದುಕೊಳ್ಳಿ.

ಜನ ಮೊದಲು ಕೇಳೋದು "ದಿನಾ ಹಾರ್ತೀರಾ?" ಅಂತ. ಇಲ್ಲ. ಹೋದ ವರ್ಷ ನನ್ನ ಲಾಗ್‌ಬುಕ್‌ನಲ್ಲಿ ಬಿದ್ದದ್ದು 300 ಗಂಟೆ ಚಿಲ್ಲರೆ. ನಿಯಮದ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 1000 ಗಂಟೆ ತನಕ ಹಾರಬಹುದು. ಏರ್‌ಲೈನ್‌ನಲ್ಲಿರುವ ನನ್ನ ಗೆಳೆಯರು 700, 800 ಮಾಡ್ತಾರೆ. ಹಾಗಾದ್ರೆ ಉಳಿದ ಹೊತ್ತು ನಾನೇನು ಮಾಡ್ತೀನಿ? ಕಾಯ್ತೀನಿ. ಕಾಯೋದು ನಿಜವಾದ ಕೆಲಸ, ಹಾರೋದು ನಡುವೆ ಬರುತ್ತೆ ಅಷ್ಟೇ.

ಒಂದು ಮೇ ತಿಂಗಳ ಕಥೆ ಹೇಳ್ತೀನಿ. ಬೆಳಿಗ್ಗೆ ಒಂಬತ್ತಕ್ಕೆ ಔರಂಗಾಬಾದ್‌ನಲ್ಲಿ ಇಳಿದೆವು. ಸಾಹುಕಾರರು ಇಳಿಯುವಾಗ "ಎರಡ್ ತಾಸಿನ್ಯಾಗ ಬರ್ತೀವ್ರಿ ಕ್ಯಾಪ್ಟನ್" ಅಂದರು. ನಾನು ಮುಂಬೈ ದಾರಿಯ ಹವಾಮಾನ ನೋಡಿದೆ, ಫ್ಲೈಟ್ ಪ್ಲಾನ್ ಹಾಕಿದೆ, ಬೌಸರ್ ಕರೆಸಿ ಇಂಧನ ತುಂಬಿಸಿದೆ. ಹನ್ನೊಂದಾಯ್ತು, ಒಂದಾಯ್ತು. ಏಪ್ರನ್ (ವಿಮಾನ ನಿಲ್ಲಿಸೋ ಅಂಗಳ) ಮೇಲೆ ನಿಂತ ವಿಮಾನ ಹೊರಗಿನ ಕರೆಂಟ್ ಇಲ್ಲದಿದ್ದರೆ ಹಂಚಿನ ಥರ ಕಾಯುತ್ತೆ, ಒಳಗೆ ಕೂರೋಕಾಗಲ್ಲ. ನಾನೂ ಕೋ-ಪೈಲಟ್ ಹುಡುಗನೂ ರೆಕ್ಕೆ ನೆರಳಲ್ಲಿ ನೆಲಕ್ಕೆ ಕೂತೆವು. ಆ ನೆರಳು ಸರಿದ ಹಾಗೆ ನಾವೂ ಸರಿದೆವು. ಪ್ಲಾನ್ ಎರಡು ಸಲ ಮುಂದೂಡಿದೆ. ಪ್ರಯಾಣಿಕರಿಗೆ ಅಂತ ತರಿಸಿದ್ದ ಊಟ ಹಳಸಿತು, ಮತ್ತೆ ತರಿಸಿದೆ. ಅವರು ಬಂದದ್ದು ಸಂಜೆ ಐದೂವರೆಗೆ. ಬರುವಾಗ ಇಬ್ಬರು ಜಾಸ್ತಿ ಜನ, ನಾಲ್ಕು ದೊಡ್ಡ ಪೆಟ್ಟಿಗೆ.

ಇಲ್ಲಿ ತೂಕದ ಲೆಕ್ಕ ಬರುತ್ತೆ. ಬಿ200 ನೆಲ ಬಿಡುವಾಗ ಒಟ್ಟು ತೂಕ 5,670 ಕಿಲೋ ದಾಟಬಾರದು. ಟ್ಯಾಂಕ್ ಪೂರ್ತಿ ತುಂಬಿಸಿದ್ರೆ ಸೀಟು ಪೂರ್ತಿ ತುಂಬಿಸೋ ಹಾಗಿಲ್ಲ, ಎರಡರಲ್ಲಿ ಒಂದು ಬಿಡಲೇಬೇಕು. ಬೆಳಿಗ್ಗೆ ಐದು ಜನರ ಲೆಕ್ಕಕ್ಕೆ ಇಂಧನ ಹಾಕಿಸಿದ್ದೆ. ತುಂಬಿಸಿದ್ದನ್ನ ಮತ್ತೆ ಹೊರಗೆ ತೆಗೆಸೋದು ಸುಮ್ನೆ ಆಗೋ ಕೆಲಸ ಅಲ್ಲ. ಪೆಟ್ಟಿಗೆ ನಾಲ್ಕೂ ಕಾರಿನಲ್ಲಿ ವಾಪಸ್ ಹೋದವು. ಅದರಲ್ಲಿ ಒಂದು ಸಾಹುಕಾರರ ಅಕ್ಕನವರದ್ದು. ಅವರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಏರ್‌ಲೈನ್ ಪೈಲಟ್‌ಗೆ ಇದ್ಯಾವುದೂ ಗೊತ್ತಿರಲ್ಲ. ಅವನು ಬರ್ತಾನೆ, ಕಾಗದ ರೆಡಿ ಇರುತ್ತೆ, ಸಹಿ ಮಾಡ್ತಾನೆ, ಹಾರ್ತಾನೆ. ಇಲ್ಲಿ ಫ್ಲೈಟ್ ಪ್ಲಾನ್ ಹಾಕೋದು ನಾವೇ. ಹಾರೋಕೆ ವಾಯುಪಡೆಯ ಅನುಮತಿ, ಅಂದ್ರೆ ಎಡಿಸಿ ನಂಬರ್, ತಗೊಳ್ಳೋದು, ಪೈಲಟ್‌ಗಳಿಗೆ ಬರೋ ಸೂಚನೆ, ಅಂದ್ರೆ ನೋಟಾಮ್, ಓದೋದು, ಹೋಗೋ ಊರಲ್ಲಿ ಪಾರ್ಕಿಂಗ್ ಸಿಗುತ್ತಾ ಅಂತ ಫೋನ್ ಮಾಡೋದು, ಇಡ್ಲಿ ಬಿಸಿ ಇದೆಯಾ ನೋಡೋದು, ಸೂಟ್‌ಕೇಸ್ ಎತ್ತಿ ಇಡೋದು, ಎಲ್ಲಾ ನಾವೇ. ಇಳಿದ ಮೇಲೆ ಎಂಜಿನ್‌ಗೆ ಕವರ್ ಹಾಕಬೇಕು, ಸೀಟ್ ಬೆಲ್ಟ್ ಮಡಚಿಡಬೇಕು, ಕಾರ್ಪೆಟ್ ಮೇಲಿನ ಚುರುಮುರಿ ಗುಡಿಸಬೇಕು. ಹಿಂದೆ ಒಂದು ಪುಟ್ಟ ಶೌಚಾಲಯ ಇರುತ್ತೆ. ಅದನ್ನ ಖಾಲಿ ಮಾಡೋದು ಯಾರು ಅಂತ ನಾನು ಹೇಳಲ್ಲ, ನೀವು ಕೋ-ಪೈಲಟ್ ಆಗಿ ಸೇರ್ತಿದ್ದೀರಿ ಅಲ್ವಾ, ಗೊತ್ತಾಗುತ್ತೆ.

ಊರಿನ ಬಗ್ಗೆ ಒಂದು ಮಾತು. ನಮ್ಮ ಸಾಂಬ್ರಾ ಏರ್‌ಪೋರ್ಟ್ 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ್ದು. ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ. 2017ರಲ್ಲಿ ಹೊಸ ಟರ್ಮಿನಲ್ ಆಯ್ತು, ರನ್‌ವೇ 2,300 ಮೀಟರ್‌ಗೆ ಬೆಳೀತು. ನಮ್ಮಂಥ ವಿಮಾನಕ್ಕೆ ಅದರ ಅರ್ಧ ಸಾಕು. ಆದ್ರೆ ಇಂಥ ಚಿಕ್ಕ ಏರ್‌ಪೋರ್ಟ್‌ಗಳಲ್ಲಿ ಟವರ್ ಇಡೀ ದಿನ ತೆರೆದಿರಲ್ಲ. ವಾಚ್ ಅವರ್ಸ್ ಅಂತ ಇರುತ್ತೆ. ಅದು ಮುಗಿದ ಮೇಲೆ ಇಳೀಬೇಕಂದ್ರೆ ಮುಂಚೆಯೇ ಕೇಳಿಕೊಂಡು, ದುಡ್ಡು ಕಟ್ಟಿ ವಿಸ್ತರಿಸಬೇಕು. "ಊಟಾ ಮಾಡ್ಕೊಂಡ ಬರ್ತೀನಿ" ಅಂತ ಹೋದ ಸಾಹುಕಾರರಿಗೆ ಇದನ್ನ ತಿಳಿಸಿ ಹೇಳೋದೇ ಒಂದು ವಿದ್ಯೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದ್ರೆ ಇನ್ನೊಂದು ಫಜೀತಿ. ಎಲ್ಲರ ವಿಮಾನವೂ ಸಾಂಬ್ರಾಕ್ಕೆ. ಒಂದು ಸಲ ನಿಲ್ಲಿಸೋಕೆ ಜಾಗ ಸಿಗದೆ ಜನರನ್ನ ಇಳಿಸಿ, ಖಾಲಿ ವಿಮಾನ ಹುಬ್ಬಳ್ಳಿಗೆ ಹಾರಿಸ್ಕೊಂಡು ಹೋಗಿ ನಿಲ್ಲಿಸಿ ಬಂದಿದ್ದೆ. ಕಾರ್ ಪಾರ್ಕಿಂಗ್‌ಗೆ ಗಲ್ಲಿ ಹುಡುಕಿದ ಹಾಗೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಈ ಕೆಲಸದಲ್ಲಿ ಕಷ್ಟ ಅಂದ್ರೆ ಸಂಬಳ ಕೊಡೋರಿಗೆ ಮುಖಕ್ಕೆ ಮುಖ ಕೊಟ್ಟು "ಆಗಲ್ಲ" ಅನ್ನೋದು.

ಜುಲೈ ತಿಂಗಳು, ಬೆಳಿಗ್ಗೆ ಆರೂವರೆ. ಬೆಳಗಾವಿ ಮಳೆ ನಿಮಗೆ ಗೊತ್ತೇ ಇದೆ. ಸುರಿಯೋದಕ್ಕಿಂತ ಜಾಸ್ತಿ ಕವಿದುಕೊಳ್ಳುತ್ತೆ. ಏಪ್ರನ್ ಮೇಲೆ ನಿಂತರೆ ರನ್‌ವೇ ಆಚೆಯ ಬೇಲಿ ಕಾಣ್ತಿರಲಿಲ್ಲ. ಸಾಹುಕಾರರಿಗೆ ಮುಂಬೈಯಲ್ಲಿ ಬ್ಯಾಂಕಿನವರ ಜೊತೆ ಮೀಟಿಂಗ್. ಮುಂಬೈಯಲ್ಲಿ ದಟ್ಟಣೆ ಇರೋ ಗಂಟೆಗಳಲ್ಲಿ ಖಾಸಗಿ ವಿಮಾನಗಳನ್ನ ಬಿಟ್ಟುಕೊಳ್ಳಲ್ಲ. ಇಳಿಯೋಕೆ ಕೊಟ್ಟ ಹೊತ್ತು, ಅಂದ್ರೆ ಸ್ಲಾಟ್, ತಪ್ಪಿದ್ರೆ ಮಧ್ಯಾಹ್ನದ ಮೇಲೆಯೇ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ತೊಂದರೆ ಆದ್ರೆ ಇಳಿಯೋಕೆ ಹತ್ತಿರ ಇರೋ ಕೊಲ್ಲಾಪುರ, ಹುಬ್ಬಳ್ಳಿ, ಗೋವಾ ಮೂರೂ ಕಡೆ ಅದೇ ಮೋಡ.

"ಏನ್ರೀ ಕ್ಯಾಪ್ಟನ್, ಹೊಂಡೂದ ಅಲ್ಲ?"

"ಈಗ ಆಗಂಗಿಲ್ರಿ ಸಾಹುಕಾರ್ರ. ಒಂದ್ ತಾಸು ನೋಡೂಣು."

"ಹತ್ತ್ ನಿಮಿಷದಾಗ ಮೋಡದ ಮ್ಯಾಲ ಹೋಗ್ತೀವಿ, ಮ್ಯಾಲ ಬಿಸಲ ಇರ್ತದ. ನೀವ ಹೇಳಿದ್ರಿ ಹ್ವಾದ ಸಲ."

"ಮ್ಯಾಲ ಹೋಗೂದು ಸುಲಭ ಐತ್ರಿ. ಒಂದ್ ಎಂಜಿನ್ ಕೈಕೊಟ್ರ ತಿರುಗಿ ಇಳಿಯಾಕ ಜಾಗಾ ಕಾಣಬೇಕಲ್ರಿ."

ಅವರು ಏನೂ ಅನ್ನಲಿಲ್ಲ. ಕಾರಿನೊಳಗೆ ಕೂತು ಗ್ಲಾಸ್ ಏರಿಸಿಕೊಂಡರು. ನಾನು ಮಳೆಯಲ್ಲೇ ನಿಂತಿದ್ದೆ. ಕೋ-ಪೈಲಟ್ ಹುಡುಗ ಒಮ್ಮೆ ನನ್ನ ಮುಖ ನೋಡ್ತಾನೆ, ಒಮ್ಮೆ ಕಾರು ನೋಡ್ತಾನೆ. ಅರ್ಧ ತಾಸಾದ ಮೇಲೆ ಡ್ರೈವರ್ ಹೊರಗೆ ಹೋಗಿ ಚಹಾ ತಂದ. ನಾಲ್ಕು ಕಪ್ ಇತ್ತು, ಎರಡು ನಮ್ಮ ಕಡೆ ಬಂತು. ಆಗ ನಾನು ಉಸಿರು ಬಿಟ್ಟೆ. ಮೋಡ ತಿಳಿಯಾದಾಗ ಒಂಬತ್ತೂ ಕಾಲು, ಅಷ್ಟೊತ್ತಿಗೆ ಸ್ಲಾಟ್ ಹೋಗಿತ್ತು. ಮೀಟಿಂಗ್ ಫೋನ್‌ನಲ್ಲೇ ಮುಗೀತು.

ಎಲ್ಲಾ ಕಡೆ ಚಹಾ ಬರಲ್ಲ. ಇದಕ್ಕಿಂತ ಮುಂಚೆ ನಾನಿದ್ದ ಕಂಪನಿ, ಹೆಸರು ಬೇಡ, ಒಂದು ದಿನ ಸಂಜೆ ಒಂದು ಚಿಕ್ಕ ಏರ್‌ಸ್ಟ್ರಿಪ್‌ಗೆ ಹೋಗು ಅಂದ್ರು. ಅಲ್ಲಿ ರನ್‌ವೇ ದೀಪ ಇಲ್ಲ. ಕಣ್ಣಳತೆಯಲ್ಲಿ ಹಾರೋದಕ್ಕೆ ನಮ್ಮ ದೇಶದಲ್ಲಿ ಸೂರ್ಯ ಮುಳುಗಿ 20 ನಿಮಿಷದ ತನಕ ಮಾತ್ರ ಅವಕಾಶ. ಲೆಕ್ಕ ಹಾಕಿದ್ರೆ ನಾವು ಮುಟ್ಟೋ ಹೊತ್ತಿಗೆ ಅದೂ ದಾಟಿರುತ್ತೆ. ಆಗಲ್ಲ ಅಂದೆ. ಆಫೀಸಿನವರು ಫೋನಲ್ಲಿ "ಕಾರಿನ ಲೈಟ್ ಹಾಕಿಸ್ತೀವಿ" ಅಂದ್ರು! ಮರುದಿನ ಬೆಳಿಗ್ಗೆ ಇನ್ನೊಬ್ಬ ಕ್ಯಾಪ್ಟನ್ ಬಂದಿದ್ದರು. ನನ್ನ ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಏರ್‌ಲೈನ್‌ನಲ್ಲಿ ನೀವು ಆಗಲ್ಲ ಅಂದ್ರೆ ನಿಮ್ಮ ಹಿಂದೆ ಚೀಫ್ ಪೈಲಟ್ ಇರ್ತಾರೆ, ಆಪರೇಷನ್ಸ್ ಇರುತ್ತೆ, ದಪ್ಪ ಮ್ಯಾನುಯಲ್ ಇರುತ್ತೆ. ಹಿಂದೆ ಕೂತ 180 ಜನಕ್ಕೆ ನಿಮ್ಮ ಹೆಸರು ಕೂಡ ಗೊತ್ತಿರಲ್ಲ. ಇಲ್ಲಿ ನಿಯಮಗಳು ಅವೇ, ಅವನ್ನ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಅದೇ. ಆದ್ರೆ ಮಾತು ಇಬ್ಬರ ನಡುವೆ. 2001ರಲ್ಲಿ ಕೇಂದ್ರದ ಮಾಜಿ ಸಚಿವ ಮಾಧವರಾವ್ ಸಿಂಧಿಯಾ ತೀರಿಕೊಂಡದ್ದು ಕಿಂಗ್ ಏರ್ ಅಪಘಾತದಲ್ಲಿ. 2009ರಲ್ಲಿ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ತೀರಿಕೊಂಡದ್ದು ಹೆಲಿಕಾಪ್ಟರ್ ಅಪಘಾತದಲ್ಲಿ. ಎರಡೂ ದಿನ ಹವಾಮಾನ ಕೆಟ್ಟಿತ್ತು. ಈ ಎರಡು ಹೆಸರು ನಾನು ಯಾರ ಮುಂದೆಯೂ ಎತ್ತಲ್ಲ, ಆದ್ರೆ ಜುಲೈ ಬೆಳಿಗ್ಗೆ ತಲೆಯಲ್ಲಿ ಇರುತ್ತವೆ.

ಮನೆ ವಿಷಯ. ಏರ್‌ಲೈನ್‌ನವರಿಗೆ ರೋಸ್ಟರ್ ಮುಂಚೆಯೇ ಬರುತ್ತೆ. ನನ್ನ ರೋಸ್ಟರ್ ಅಂದ್ರೆ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಬರೋ ಒಂದು ಸಾಲು: "ನಾಳೆ 7, ಹೈದರಾಬಾದ್, 4 ಜನ." ಹಾಗಂತ ಮನೆಯಲ್ಲಿ ಇರೋದೇ ಇಲ್ಲ ಅಂತಲ್ಲ. ಲೆಕ್ಕ ಹಾಕಿದ್ರೆ ಏರ್‌ಲೈನ್‌ನಲ್ಲಿ ಇದ್ದದ್ದಕ್ಕಿಂತ ಈಗಲೇ ಜಾಸ್ತಿ ರಾತ್ರಿ ಟಿಳಕವಾಡಿಯಲ್ಲಿ ಮಲಗ್ತೀನಿ. ಆದ್ರೆ ಯಾವ ರಾತ್ರಿ ಅಂತ ಹೇಳೋಕಾಗಲ್ಲ. ಮಗಳ ಶಾಲೆ ಗ್ಯಾದರಿಂಗ್‌ಗೆ ಮೂರು ವರ್ಷ ಬರ್ತೀನಿ ಅಂದು ಒಂದು ವರ್ಷ ಹೋಗಿದ್ದೀನಿ. ಹಾರೋದಕ್ಕೆ 12 ಗಂಟೆ ಮುಂಚಿನಿಂದ ಒಂದು ಹನಿ ಮದ್ಯ ಮುಟ್ಟೋ ಹಾಗಿಲ್ಲ, ಊದಿಸಿ ನೋಡ್ತಾರೆ. ನಾಳೆ ಹಾರಾಟ ಇದೆಯೋ ಇಲ್ಲವೋ ಗೊತ್ತಿಲ್ಲದವನು ಯಾವತ್ತು ಕುಡೀಬೇಕು ಹೇಳಿ? ನಾನು ಬಿಟ್ಟೇಬಿಟ್ಟೆ. ಮನೆಯವರಿಗೆ ಖುಷಿ.

ಇನ್ನೊಂದು, ಕಿವಿ. ಕಿಂಗ್ ಏರ್‌ನಲ್ಲಿ ಪೈಲಟ್ ಮತ್ತು ಪ್ರಯಾಣಿಕರ ನಡುವೆ ದೂರ ಇಲ್ಲವೇ ಇಲ್ಲ. ಹೆಡ್‌ಸೆಟ್ ಸ್ವಲ್ಪ ಸರಿಸಿದ್ರೆ ಸಾಕು, ಯಾವ ಜಮೀನು ಯಾರಿಗೆ, ಯಾರ ಮಗಳಿಗೆ ಯಾವ ಗಂಡು, ಎಲ್ಲಾ ಬೀಳುತ್ತೆ. ಮೆಟ್ಟಿಲು ಇಳಿದ ಮೇಲೆ ಅದೆಲ್ಲ ಮರೆತಿರಬೇಕು. ಊರಲ್ಲಿ ಚಹಾ ಅಂಗಡಿಯಲ್ಲಿ "ನಿಮ್ ಸಾಹುಕಾರ್ರು ದಿಲ್ಲಿಗೆ ಯಾಕ್ ಹೋಗಿದ್ರು?" ಅಂತ ಕೇಳೋರಿಗೆ ನನ್ನದು ಒಂದೇ ಉತ್ತರ, "ನಾ ಬರೇ ಡ್ರೈವರ್ ಅದೀನ್ರಿ."

ಸಂಬಳ ಚೆನ್ನಾಗಿಯೇ ಇರುತ್ತೆ. ಆದ್ರೆ ಏರ್‌ಲೈನ್‌ನ ಹಿರಿಯ ಕ್ಯಾಪ್ಟನ್‌ಗೆ ಹೋಲಿಸೋಕೆ ಹೋಗಬೇಡಿ, ಸುಮ್ನೆ ನಿದ್ದೆ ಹಾಳು. ಮತ್ತೆ ಸಕ್ಕರೆ ರೇಟು ಬಿದ್ದ ವರ್ಷ ಮೊದಲು ಮಾರಾಟಕ್ಕೆ ಬರೋದು ವಿಮಾನವೇ. ವಿಮಾನ ಹೋದ್ರೆ ಪೈಲಟ್‌ಗೆ ಅಲ್ಲೇನು ಕೆಲಸ?

ನಿಮ್ಮ ವಯಸ್ಸಿಗೆ ಸಂಬಳಕ್ಕಿಂತ ಗಂಟೆ ಮುಖ್ಯ. ಏರ್‌ಲೈನ್ ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್, ಅಂದ್ರೆ ಎಟಿಪಿಎಲ್‌ಗೆ 1500 ಗಂಟೆ ಬೇಕು. ನಿಮ್ಮ ಹತ್ತಿರ 200 ಇದೆ. ನನ್ನ ಲೆಕ್ಕದಲ್ಲಿ ವರ್ಷಕ್ಕೆ 300 ಅಂದ್ರೆ ನಾಲ್ಕು ವರ್ಷದ ಮೇಲೆ ಹಿಡಿಯುತ್ತೆ. ಏರ್‌ಲೈನ್‌ನಲ್ಲಾದ್ರೆ ಎರಡು ವರ್ಷದ ಒಳಗೆ ಮುಗೀಬಹುದು. ಆದ್ರೆ ಆ ಕಡಿಮೆ ಗಂಟೆಗಳಲ್ಲಿ ನೀವು ಕಲಿಯೋದು ಬೇರೆ. ಒಂದೇ ವಾರದಲ್ಲಿ ದಿಲ್ಲಿಯ ಗದ್ದಲ, ತೋರಣಗಲ್ಲಿನ ಸಣ್ಣ ರನ್‌ವೇ, ಬೆಂಗಳೂರಿನ ಹಳೆ ಎಚ್‌ಎಎಲ್ ಏರ್‌ಪೋರ್ಟ್ ಮೂರೂ ನೋಡ್ತೀರಿ. ನಿಮ್ಮ ಪ್ಲಾನ್ ನೀವೇ ಮಾಡಿದ್ದು, ತಪ್ಪಿದ್ರೆ ಬೈಯೋಕೆ ಬೇರೆ ಯಾರೂ ಇರಲ್ಲ. ನನ್ನನ್ನ ಕೇಳಿದ್ರೆ, ಮನೆಯಲ್ಲಿ ಕೂತು ಏರ್‌ಲೈನ್ ಕರೆಗೆ ಕಾಯೋದಕ್ಕಿಂತ ಸೇರೋದೇ ವಾಸಿ, ಬಾಂಡ್, ಅಂದ್ರೆ ಇಷ್ಟು ದಿನ ಕೆಲಸ ಬಿಡಲ್ಲ ಅನ್ನೋ ಕರಾರು, ಎರಡು ವರ್ಷ ದಾಟದಿದ್ದರೆ.

ಆದ್ರೆ ಸಹಿ ಹಾಕೋ ಮುಂಚೆ ಒಂದು ಕೆಲಸ ಮಾಡಿ. ವಿಮಾನ ಎಷ್ಟು ವರ್ಷದ್ದು, ನೋಡಿಕೊಳ್ಳೋ ಎಂಜಿನಿಯರ್ ಕಾಯಂ ಇದ್ದಾರಾ, ಸಿಮ್ಯುಲೇಟರ್ ತರಬೇತಿಯ ಖರ್ಚು ಯಾರದ್ದು ಅಂತ ಎಲ್ಲರೂ ಕೇಳ್ತಾರೆ, ನೀವೂ ಕೇಳಿ. ಅದಾದ ಮೇಲೆ, ಇದೇ ಸೀಟಿನಲ್ಲಿ ನಿಮಗಿಂತ ಮುಂಚೆ ಕೂತಿದ್ದವರು ಯಾಕೆ ಬಿಟ್ಟರು ಅಂತ ಕೇಳಿ, ಅವರ ನಂಬರ್ ಇಸ್ಕೊಳ್ಳಿ. ನಂಬರ್ ಕೊಟ್ಟರೆ ಫೋನ್ ಮಾಡಿ, ಕಡೇ ಸಲ ಅವರು "ಆಗಲ್ಲ" ಅಂದಾಗ ಏನಾಯ್ತು ಅಂತ ವಿಚಾರಿಸಿ. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದ್ರೆ, ಸಾಂಬ್ರಾ ಕಡೆ ಒಂದು ದಿನ ಬನ್ನಿ. ಚಹಾ ಕುಡೀತಾ ಬೇರೆ ಯಾರಿಗೆ ಕೋ-ಪೈಲಟ್ ಬೇಕಾಗಿದ್ದಾರೆ ನೋಡೋಣ. ನಾನು ಊರಲ್ಲಿರ್ತೀನಾ ಅಂತ ಮಾತ್ರ ಹಿಂದಿನ ರಾತ್ರಿ ಹತ್ತರ ಮೇಲೆ ಕೇಳಿ.