ಎನ್‌ಎಫ್‌ಎಲ್‌ನ ಎರಡು ಬಣಗಳ ಮೂಲ

ಅಮೆರಿಕದ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಪಂದ್ಯಾವಳಿಯಾದ ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಒಂದೇ ಲೀಗ್ ಆಗಿದ್ದರೂ ಅದರಲ್ಲಿ ಎಎಫ್‌ಸಿ (ಅಮೆರಿಕನ್ ಫುಟ್‌ಬಾಲ್ ಕಾನ್ಫರೆನ್ಸ್), ಎನ್‌ಎಫ್‌ಸಿ (ನ್ಯಾಷನಲ್ ಫುಟ್‌ಬಾಲ್ ಕಾನ್ಫರೆನ್ಸ್) ಎಂಬ ಎರಡು ಬಣಗಳೇಕೆ ಎಂದು ತಾವು ಕೇಳಿದ್ದೀರಿ. 1970ರವರೆಗೆ ಅಲ್ಲಿ ನಿಜಕ್ಕೂ ಎರಡು ಲೀಗ್‌ಗಳಿದ್ದವು. ತಂಡವೊಂದನ್ನು ಪಡೆಯಲು ಯತ್ನಿಸಿ ಎನ್‌ಎಫ್‌ಎಲ್‌ನಿಂದ ಬರಿಗೈಯಲ್ಲಿ ಮರಳಿದ ಲಾಮಾರ್ ಹಂಟ್ (ಟೆಕ್ಸಾಸಿನ ತೈಲ ಕುಬೇರರೊಬ್ಬರ ಮಗ), ತಮ್ಮಂತೆಯೇ ನಿರಾಶರಾಗಿದ್ದ ಇತರ ಸಿರಿವಂತರನ್ನು ಕೂಡಿಸಿಕೊಂಡು 1959ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ (ಎಎಫ್‌ಎಲ್) ಸ್ಥಾಪಿಸಿದರು. ಮರುವರ್ಷ ಎಂಟು ತಂಡಗಳು ಕಣಕ್ಕಿಳಿದವು. ಟಿ.ವಿ. ಪ್ರಸಾರದ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಂಡದ್ದೇ ಅದು ಉಳಿದುಕೊಳ್ಳಲು ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಆಟಗಾರರಿಗಾಗಿ ನಡೆದ ಪೈಪೋಟಿಯಲ್ಲಿ ಸಂಬಳಗಳು ಗಗನಕ್ಕೇರಿ ಎರಡೂ ಕಡೆಯ ಮಾಲೀಕರು ಬಸವಳಿದಾಗ, 1966ರ ಜೂನ್‌ನಲ್ಲಿ ವಿಲೀನದ ಒಪ್ಪಂದವಾಯಿತು. ಚಾಂಪಿಯನ್ ತಂಡವನ್ನು ನಿರ್ಧರಿಸುವ ಅಂತಿಮ ಪಂದ್ಯವಾದ ಸೂಪರ್ ಬೌಲ್ ಹುಟ್ಟಿದ್ದೂ ಅದರಿಂದಲೇ. 1970ರಲ್ಲಿ, ಅಷ್ಟರೊಳಗೆ ಹತ್ತಾಗಿದ್ದ ಎಎಫ್‌ಎಲ್ ತಂಡಗಳ ಜೊತೆ ಎನ್‌ಎಫ್‌ಎಲ್‌ನ ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್ ಮತ್ತು ಪಿಟ್ಸ್‌ಬರ್ಗ್ ತಂಡಗಳು ಸೇರಿ ಎಎಫ್‌ಸಿ ಆಯಿತು. ಉಳಿದ ಹದಿಮೂರು ತಂಡಗಳು ಎನ್‌ಎಫ್‌ಸಿಯಾದವು.