ಸಮುದ್ರ ಬಿಟ್ಟು ವಿಜಯಪುರಕ್ಕೆ ಬಂದು ಎರಡು ವರ್ಷವಾಯಿತು, ಒಂದು ಚಿತ್ರವೂ ಆಗಿಲ್ಲ. ಡ್ರಾಯಿಂಗ್ ಶಿಕ್ಷಕನ ನೌಕರಿ ಬಿಟ್ಟು ಕುಮಟಾಕ್ಕೆ ಮರಳಲೇ?

ನಾನೂ ನಿಮ್ಮ ಕಡೆಯವನೇ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯವನು. ತದಡಿಗೂ ಅಘನಾಶಿನಿ ಊರಿಗೂ ನಡುವೆ ದೋಣಿ ದಾಟುತ್ತಲೇ ಬೆಳೆದವನು. 2001ರಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಇಲ್ಲಿಗೆ ಬಂದಾಗ ಈ ಊರು ಇನ್ನೂ ಬಿಜಾಪುರ; ವಿಜಯಪುರವಾದದ್ದು 2014ರಲ್ಲಿ. ‘ಇಲ್ಲಿ ಗೋಳಗುಮ್ಮಟ ಬಿಟ್ಟರೆ ಬಿಡಿಸಲು ಏನಿದೆ, ಕಣ್ಣು ಹಾಯಿಸಿದಷ್ಟೂ ಕಪ್ಪು ನೆಲ’ ಎಂದು ನೀವು ಬರೆದಿದ್ದೀರಿ. ಬಂದ ವರ್ಷ ತಂಗಿಗೆ ಬರೆದ ಪತ್ರದಲ್ಲಿ ಹೆಚ್ಚುಕಡಿಮೆ ಇದೇ ಸಾಲನ್ನು ನಾನೂ ಬರೆದಿದ್ದೆ. ನಿಮಗೂ ನನಗೂ ಇರುವ ವ್ಯತ್ಯಾಸ ಒಂದೇ. ಇಲ್ಲಿಗೆ ಬಂದ ಮೇಲೆ ನಿಮ್ಮ ಚಿತ್ರ ನಿಂತಿತು, ನನ್ನದು ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು.

ಹತ್ತು ವರ್ಷ ಈ ಬಿಸಿಲೂರಿನಲ್ಲಿ ಕುಳಿತು ನಾನು ಬರೀ ಸಮುದ್ರ ಬಿಡಿಸಿದೆ. ಗಾಳಿ ಮರದ ಸಾಲು, ಮುಳುಗುವ ಸೂರ್ಯ, ಮರಳಿನ ಮೇಲೆ ವಾಲಿದ ದೋಣಿ. ಸಹೋದ್ಯೋಗಿಗಳ ಗೃಹಪ್ರವೇಶಕ್ಕೆ, ಮುಖ್ಯ ಗುರುಗಳ ನಿವೃತ್ತಿಗೆ, ಯಾರದೋ ಮಗಳ ಮದುವೆಗೆ ನನ್ನ ಸಮುದ್ರವೇ ಉಡುಗೊರೆ. ನೋಡಿದವರೆಲ್ಲ ‘ಮಾಸ್ತರರೇ, ಅಲೆಯ ಸಪ್ಪಳ ಕೇಳಿಸುತ್ತದೆ’ ಎನ್ನುತ್ತಿದ್ದರು. ಅವರಲ್ಲಿ ಬಹುಪಾಲು ಜನ ಸಮುದ್ರ ಕಂಡದ್ದು ಗೋಕರ್ಣ ಯಾತ್ರೆಯಲ್ಲಿ, ಅದೂ ಅರ್ಧ ದಿನ. ಇದು ನನಗೆ ಆಗ ಹೊಳೆಯಬೇಕಿತ್ತು.

2011ರಲ್ಲಿ ಗೋಕರ್ಣದ ಕಡೆಯ ಒಂದು ವಸತಿಗೃಹದವರು ದೊಡ್ಡ ಕೆಲಸ ಕೊಟ್ಟರು. ಹನ್ನೆರಡು ಅಡಿ ಅಗಲದ ಕ್ಯಾನ್ವಾಸ್, ವಿಷಯ ಅಘನಾಶಿನಿಯ ಅಳಿವೆ. ಒಟ್ಟು 1,60,000 ರೂಪಾಯಿ, ಮುಂಗಡ 40,000. ಶಾಲೆಯಿಂದ ನಾಲ್ಕು ತಿಂಗಳು ಸಂಬಳವಿಲ್ಲದ ರಜೆ ಹಾಕಿದೆ, ಸೊಸೈಟಿಯಲ್ಲಿ ಸಾಲ ತೆಗೆದೆ, ಬಾಡಿಗೆ ಮನೆಯ ಪಡಸಾಲೆ ಖಾಲಿ ಮಾಡಿಸಿ ಕ್ಯಾನ್ವಾಸ್ ಬಿಗಿದೆ. ‘ಒಮ್ಮೆ ಊರಿಗೆ ಹೋಗಿ ನೋಡಿಕೊಂಡು ಬನ್ನಿ’ ಎಂದು ಹೆಂಡತಿ ಹೇಳಿದಳು. ಆ ನೀರಿನಲ್ಲೇ ಈಜು ಕಲಿತವನಿಗೆ ನೋಡಿಕೊಂಡು ಬರುವುದು ಏನಿದೆ ಎಂದು ನಕ್ಕುಬಿಟ್ಟೆ.

ನನ್ನನ್ನು ಮುಳುಗಿಸಿದ್ದು ಆ ನಗು. ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ; ಬೇಸರವಾದರೂ ಓದಿ.

ನನ್ನ ಬಳಿ ಎರಡು ಫೋಟೋಗಳಿದ್ದವು. ಒಂದು ಕಾರ್ತಿಕದ್ದು: ದೋಣಿ ಕಟ್ಟುವ ಕಲ್ಲಿನ ದಕ್ಕೆ, ಅದರ ಮೆಟ್ಟಿಲಿಗೆ ಬಡಿಯುವ ತುಂಬಿದ ನೀರು, ಲಂಗರು ಹಾಕಿ ನಿಂತ ಆರು ದೋಣಿಗಳು. ಇನ್ನೊಂದು ಸಂಕ್ರಾಂತಿಯದ್ದು: ನದಿಯ ನಡುವೆ ಎದ್ದ ಮರಳುದಿಬ್ಬ, ಅದರ ಮೇಲೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಬಾಗಿ ಬೆಳಚು ಹೆಕ್ಕುತ್ತಿರುವ ಹೆಂಗಸರು. (ಬೆಳಚು ಎಂದರೆ ಚಿಪ್ಪಿಕಲ್ಲು, ಇದು ನಿಮಗಲ್ಲ, ಇಲ್ಲಿಯವರು ಓದಿದರೆ ಅವರಿಗಾಗಿ.) ಎರಡೂ ಚೆನ್ನಾಗಿದ್ದವು, ಎರಡೂ ಬೆಳಗಿನ ಎಂಟು ಗಂಟೆಯ ಹೊತ್ತಿನವು. ಎಡಕ್ಕೆ ಒಂದನ್ನು, ಬಲಕ್ಕೆ ಇನ್ನೊಂದನ್ನು ಇಟ್ಟು ನಡುವೆ ನೀರು ತುಂಬಿಸಿದೆ.

ಕ್ಯಾನ್ವಾಸ್ ಸುತ್ತಿ ಟೆಂಪೋದಲ್ಲಿ ಹೇರಿ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬೆಳಗಿನ ಜಾವ ಮುಟ್ಟಿದೆವು. ಹಜಾರದ ಗೋಡೆಗೆ ಹಾಕಿಸಿದೆವು. ಮಾಲೀಕರಿಗೆ ಬಹಳ ಇಷ್ಟವಾಯಿತು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಅವರ ತಂದೆ ಬಂದರು. ಹಿಂದೆ ಮೀನಿಗೆ ಹೋಗುತ್ತಿದ್ದವರು, ಎಂಬತ್ತರ ಆಸುಪಾಸು. ಚಹಾದ ಲೋಟ ಹಿಡಿದು ಚಿತ್ರದ ಈ ತುದಿಯಿಂದ ಆ ತುದಿಗೆ ನಡೆದರು, ಮತ್ತೆ ಈ ತುದಿಗೆ ಬಂದರು.

‘ತಮ್ಮಾ, ಇದು ಯಾವ ಹೊತ್ತು?’

‘ಬೆಳಿಗ್ಗೆ.’

‘ಅದಲ್ಲ. ನೀರು ಬರುತ್ತಿದೆಯೋ, ಹೋಗುತ್ತಿದೆಯೋ?’

ನನಗೆ ಉತ್ತರ ಗೊತ್ತಿರಲಿಲ್ಲ. ಚಿತ್ರದಲ್ಲಿ ಉತ್ತರ ಇರಲೂ ಇಲ್ಲ. ಎಡಗಡೆ ದಕ್ಕೆಯ ಮೇಲಿನ ಮೂರನೆಯ ಮೆಟ್ಟಿಲಿನವರೆಗೆ ನೀರು. ಅಂದರೆ ತುಂಬು ಭರತ (ಉಬ್ಬರ). ಬಲಗಡೆ ಬೆಳಚಿನ ದಿಬ್ಬ ಒಣಗಿ ನಿಂತಿದೆ; ಅಂದರೆ ಪೂರ್ತಿ ಇಳಿತ. ಒಂದೇ ನದಿಯಲ್ಲಿ ಈ ದಡಕ್ಕೆ ಒಂದು ಮಟ್ಟ, ಆ ದಡಕ್ಕೆ ಇನ್ನೊಂದು. ಎರಡೂ ಎಂಟು ಗಂಟೆಯ ಫೋಟೋ ಎಂಬ ನನ್ನ ಸಮಾಧಾನಕ್ಕೆ ಅರ್ಥವೇ ಇರಲಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಗಡಿಯಾರದ ಎಂಟಕ್ಕೂ ನೀರಿನ ಎಂಟಕ್ಕೂ ಸಂಬಂಧವಿಲ್ಲ. ಇದು ನಮ್ಮ ಊರಿನ ಆರು ವರ್ಷದ ಹುಡುಗನಿಗೂ ಗೊತ್ತು. ನನಗೂ ಆರು ವರ್ಷದವನಿದ್ದಾಗ ಗೊತ್ತಿತ್ತು.

ಮೆಟ್ಟಿಲನ್ನು ಹೇಗಾದರೂ ತಿದ್ದಬಹುದಿತ್ತು. ದೋಣಿಗಳದ್ದು ಅದಕ್ಕಿಂತ ದೊಡ್ಡ ಕಥೆ. ಲಂಗರು ಹಾಕಿದ ದೋಣಿ ಹರಿವಿಗೆ ಮೂತಿ ಕೊಟ್ಟು ನಿಲ್ಲುತ್ತದೆ. ನೀರು ಒಳಗೆ ಬರುವಾಗ ಮೂತಿ ಸಮುದ್ರದ ಕಡೆಗೆ, ಹೊರಗೆ ಹೋಗುವಾಗ ಘಟ್ಟದ ಕಡೆಗೆ. ನನ್ನ ಆರು ದೋಣಿಗಳಲ್ಲಿ ನಾಲ್ಕು ಫೋಟೋದಲ್ಲಿದ್ದಂತೆ ಸಮುದ್ರಕ್ಕೆ ಮುಖ ಮಾಡಿದ್ದವು. ಉಳಿದ ಎರಡನ್ನು ಚಿತ್ರದ ತೂಕ ಸರಿಯಾಗಲೆಂದು ನಾನೇ ತಿರುಗಿಸಿದ್ದೆ! ಕಲಾ ಶಾಲೆಯಲ್ಲಿ ಕಲಿಸಿದ ಸಮತೋಲನ ಅದು. ಅಜ್ಜ ಆ ಎರಡು ದೋಣಿಗಳ ಮುಂದೆ ಬಹಳ ಹೊತ್ತು ನಿಂತು, ‘ಇವಕ್ಕೆ ಏನಾಗಿದೆ?’ ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದರು. ದೋಣಿಗೆ ಏನೋ ಆಗಿರಬೇಕು ಎಂದುಕೊಂಡಿದ್ದರು.

ಹಜಾರದಲ್ಲಿ ಚಿತ್ರ ಉಳಿಯಲಿಲ್ಲ. ‘ಹೊರಗಿನ ಅತಿಥಿಗಳಿಗೆ ಗೊತ್ತಾಗುವುದಿಲ್ಲ, ಆದರೆ ನಮ್ಮವರು ಬಂದು ಇಲ್ಲೇ ಕೂರುತ್ತಾರೆ’ ಎಂದರು ಮಾಲೀಕರು. ಮುಂಗಡ ವಾಪಸು ಕೇಳಲಿಲ್ಲ, ಅದು ಅವರ ದೊಡ್ಡತನ. ಸಾಲ ತೀರಲು ಮೂರು ವರ್ಷ ಹಿಡಿಯಿತು. ಆ ಕ್ಯಾನ್ವಾಸನ್ನು ಆಮೇಲೆ ಕತ್ತರಿಸಿದೆ. ಆಕಾಶದ ಪಟ್ಟಿಯನ್ನು ಇಲ್ಲಿನ ಹಲ್ಲಿನ ವೈದ್ಯರೊಬ್ಬರು ಕೊಂಡರು; ಆಕಾಶದಲ್ಲಿ ತಪ್ಪು ಹುಡುಕುವವರು ಯಾರೂ ಇಲ್ಲ. ತಿರುಗಿ ನಿಂತ ಎರಡು ದೋಣಿಗಳು ನನ್ನ ಮನೆಯಲ್ಲೇ ಇವೆ.

ಈಗ ನಿಮ್ಮ ಪ್ರಶ್ನೆ. ಕಡಲು ದೂರವಾದ್ದರಿಂದ ಚಿತ್ರ ಬರುತ್ತಿಲ್ಲ ಎನ್ನುತ್ತೀರಿ. ನಾನು ಒಪ್ಪುವುದಿಲ್ಲ. ಕುಮಟಾದಲ್ಲಿದ್ದಾಗ ನೀವು ಕಡಲನ್ನು ನೋಡಿ ಬಿಡಿಸುತ್ತಿದ್ದಿರೋ ಅಥವಾ ಕೈಗೆ ರೂಢಿಯಾದದ್ದನ್ನು ಬಿಡಿಸುತ್ತಿದ್ದಿರೋ? ನಿಮಗೆ ಊರಿನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ನನಗೂ ಇತ್ತು, ಬೆಟ್ಟದಷ್ಟಿತ್ತು. ಅಷ್ಟು ಪ್ರೀತಿಯಿದ್ದೂ ದೋಣಿಯ ಮೂತಿ ಯಾವ ಕಡೆಗಿದೆ ಎಂದು ನೋಡಿರಲಿಲ್ಲ. ಚಿತ್ರಕಾರ ಕೆ.ಕೆ. ಹೆಬ್ಬಾರರು ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೋಗಿ ಮುಂಬೈಯಲ್ಲಿದ್ದು ಊರನ್ನು ಬಿಡಿಸಲಿಲ್ಲವೇ ಎಂದು ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ಹೆಬ್ಬಾರರ ಮಾತು ಬಿಡಿ. ಅವರ ಕಣ್ಣು ಬೇರೆ, ಮುಂಬೈಗೆ ಸಮುದ್ರವೂ ಇದೆ.

ಇನ್ನೊಂದು ಕಾರಣವನ್ನು ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೇ: ‘ಜಲವರ್ಣ ಇಲ್ಲಿ ಕೈ ಕೊಡುತ್ತದೆ.’ ಕೊಡದೆ ಏನು? ಆಷಾಢದಲ್ಲಿ ಕುಮಟಾದಲ್ಲಿ ಕಾಗದಕ್ಕೆ ಒಮ್ಮೆ ನೀರು ಬಳಿದರೆ ಅರ್ಧ ತಾಸು ಹಸಿಯಾಗಿರುತ್ತದೆ. ಬಣ್ಣ ಬಿಟ್ಟರೆ ತಾನಾಗಿ ಹರಡಿ ಮಂಜು, ಮಳೆ, ದೂರದ ಗುಡ್ಡ ಎಲ್ಲ ಮಾಡಿಕೊಡುತ್ತದೆ. ಅದನ್ನು ನಾವು ನಮ್ಮ ಪ್ರತಿಭೆ ಎಂದುಕೊಳ್ಳುತ್ತೇವೆ. ವಿಜಯಪುರದ ಏಪ್ರಿಲ್‌ನಲ್ಲಿ ಕುಂಚ ಕಾಗದದ ಈ ಅಂಚಿನಿಂದ ಆ ಅಂಚಿಗೆ ಹೋಗುವುದರೊಳಗೆ ಈ ಅಂಚು ಒಣಗಿ ಗೆರೆ ಕಟ್ಟಿರುತ್ತದೆ. ಸಣ್ಣ ಕಾಗದ ತೆಗೆದುಕೊಳ್ಳಿ, ಬೆಳಿಗ್ಗೆ ಆರಕ್ಕೆ ಕೂತುಕೊಳ್ಳಿ, ಗೆರೆ ಕಟ್ಟುವುದನ್ನೇ ಬಳಸಿಕೊಳ್ಳಿ. ಇಲ್ಲಿಯ ನೆರಳಿಗೆ ಅಂಚು ಇದೆ, ನಮ್ಮ ಕಡೆಯ ನೆರಳಿಗೆ ಇಲ್ಲ. ಗೋಳಗುಮ್ಮಟವನ್ನು ಸದ್ಯಕ್ಕೆ ಬಿಡಿ. ಹದಿನೇಳನೆಯ ಶತಮಾನದಿಂದ ನಿಂತಿದೆ, ಇನ್ನೂ ನಿಂತಿರುತ್ತದೆ.

ನನಗೆ ಇದೆಲ್ಲ ತಿಳಿದದ್ದು ಆ ಹೊಡೆತ ತಿಂದ ಮರುವರ್ಷ. ವಿದ್ಯಾರ್ಥಿಯೊಬ್ಬನ ತಂದೆ ಸಾರವಾಡದ ಕಡೆ ಡೋಣಿ ನದಿ ದಂಡೆಯ ತಮ್ಮ ಹೊಲಕ್ಕೆ ಸೀತನಿ (ಸುಟ್ಟ ಎಳೆ ಜೋಳದ ಕಾಳು) ತಿನ್ನಲು ಕರೆದರು. ಹೆಸರು ಡೋಣಿ, ನೀರಿನಲ್ಲಿ ದೋಣಿ ಒಂದೂ ಇಲ್ಲ ಎಂದು ನಾನು ಹಾಸ್ಯ ಮಾಡಿದೆ, ಅವರು ನಗಲಿಲ್ಲ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತಿರುವ ನದಿ ಅದು. ಸುಮ್ಮನೆ ಕೂರಲಾರದೆ ಚೀಲದಲ್ಲಿದ್ದ ಕಾಗದ ತೆಗೆದೆ, ಹೊಳೆಯಿಂದಲೇ ಲೋಟದಲ್ಲಿ ನೀರು ತುಂಬಿಕೊಂಡೆ. ಕುಂಚದ ಮೊನೆ ಚೂಪಾಗಲೆಂದು ಬಾಯಿಗಿಟ್ಟು ಎಳೆಯುವುದು ನನ್ನ ಹಳೆಯ ಕೆಟ್ಟ ಚಾಳಿ. ಇಟ್ಟೆ. ಉಪ್ಪು.

ಸಮುದ್ರದಷ್ಟು ಉಪ್ಪಲ್ಲ, ನಮ್ಮ ಬೇಸಿಗೆಯ ಬಾವಿಯಷ್ಟು. ರೈತರನ್ನು ಕೇಳಿದೆ. ‘ಡೋಣಿ ನೀರು ಉಪ್ಪೇ, ಮಾಸ್ತರರೇ. ಹನ್ನೊಂದು ವರ್ಷ ಇಲ್ಲಿದ್ದೂ ಗೊತ್ತಿಲ್ಲವೇ?’ ಎಂದರು. ಆಮೇಲೆ ಅವರೇ ಹೊಲದ ಕೆಳಬದಿ ತೋರಿಸಿದರು. ಕಪ್ಪು ಎರೆಯ ಮೇಲೆ, ಬಿರುಕುಗಳ ಬಾಯಿಯ ಸುತ್ತ, ತೆಳ್ಳಗೆ ಬಿಳಿ ಹುಡಿ. ‘ಸವಳು’ ಎಂದರು. ಬೆರಳಿನಿಂದ ಒರೆಸಿದರೆ ಕೆಳಗೆ ನೆಲ ಇನ್ನೂ ಕಪ್ಪಾಗಿ ಕಾಣುತ್ತಿತ್ತು. ನಮ್ಮಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಎಂಬ ಭತ್ತವಿದೆ, ಅಳಿವೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳೆಯುತ್ತಾರೆ ಎಂದೆ. ಅವರು ನಂಬಲಿಲ್ಲ. ಆ ದಿನ ಸೀತನಿ ತಣ್ಣಗಾಗುವವರೆಗೆ ಆ ಬಿಳಿ ಹುಡಿಯ ಅಂಚನ್ನೇ ಬಿಡಿಸುತ್ತ ಕೂತಿದ್ದೆ. ಮೂರು ಕಾಗದ ಹಾಳಾದವು, ನಾಲ್ಕನೆಯದು ಪರವಾಗಿಲ್ಲ ಎನ್ನುವಂತಿತ್ತು.

ಡೋಣಿಯೇ ನನ್ನ ಅಘನಾಶಿನಿಯಾಯಿತು ಎಂದು ದಯವಿಟ್ಟು ತಿಳಿಯಬೇಡಿ. ಆಗಲಿಲ್ಲ. ಇಂದಿಗೂ ಮಳೆಗಾಲದ ಮೊದಲ ವಾರ ನನಗೆ ಇಲ್ಲಿ ನಿದ್ದೆ ಬರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ನಾಲ್ಕನೆಯ ಕಾಗದವನ್ನು ಹಿಡಿದು ಆ ಅಜ್ಜನ ಬಳಿ ಹೋದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ‘ನೀರು ಹೋಗಿ ಬಹಳ ದಿನವಾಗಿದೆ. ಮಳೆ ಬರುವವರೆಗೆ ಬರುವುದಿಲ್ಲ’ ಎಂದರು. ಆಮೇಲೆ, ‘ಇಲ್ಲಿ ಮೀನು ಇದೆಯೋ?’ ಎಂದು ಕೇಳಿದರು. ಅದನ್ನು ನಾನು ರೈತರಲ್ಲಿ ವಿಚಾರಿಸಿರಲಿಲ್ಲ.

ವರ್ಗಾವಣೆಯ ಅರ್ಜಿ ಹಾಕುವುದಾದರೆ ಹಾಕಿ, ಅದು ಚಿತ್ರದ ವಿಷಯವಲ್ಲ, ಮನೆಯ ವಿಷಯ. ತಂದೆ ತಾಯಿಗೆ ವಯಸ್ಸಾಗಿದೆ ಎಂದು ಬರೆದಿದ್ದೀರಿ, ಆ ಕಾರಣ ಸಾಕು. ಆದರೆ ರಾಜೀನಾಮೆ ಬೇಡ. ನಮ್ಮ ಊರಿನಲ್ಲಿ ಚಿತ್ರ ಮಾರಿ ಬದುಕುವುದು ಹೇಗೆಂದು ಮೇಲೆ ಹೇಳಿದ್ದೇನಲ್ಲ. ಈ ಊರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ನೇರ ಅಂಕೋಲಾದಲ್ಲಿ ಮುಗಿಯುತ್ತದೆ. ಒಂದು ರಾತ್ರಿಯ ದಾರಿ. ದೀಪಾವಳಿಗೆ ಊರಿಗೆ ಹೋದಾಗ ಮೊಬೈಲ್ ಮನೆಯಲ್ಲಿಟ್ಟು ಅಳಿವೆಯ ಕಡೆ ಹೋಗಿ. 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಕ್ಯಾಮೆರಾ ಹಿಡಿದವರಿಗೇನೂ ಕೊರತೆಯಿಲ್ಲ. ಬೆಳಚು ತೆಗೆಯುವ ಅಕ್ಕಂದಿರು ಸಿಕ್ಕರೆ ಇವತ್ತು ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕೇಳಿ. ತಿಥಿ ನೆನಪಿಸಿಕೊಂಡು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಾರೆ. ಆ ಹೊತ್ತಿಗೆ ಒಂದು ತಾಸು ಮೊದಲೇ ಹೋಗಿ ಕೂತಿರಿ.